ಇಂಕಾಗಳಿಗೂ ಮೊದಲಿನ ಮಣ್ಣಿನ ಪಿರಮಿಡ್ಡುಗಳು

ದಕ್ಷಿಣ ಅಮೆರಿಕದ ಪೆರು ದೇಶ ಅಂದ ಕೂಡಲೇ ಕಣ್ಣಿಗೆ ಕಟ್ಟುವುದು ಬೆಟ್ಟದ ನೆತ್ತಿಯ ಮಾಚು ಪಿಚು, ಬಾಯಿಗೆ ಬರುವುದು ಇಂಕಾ ಎಂಬ ಹೆಸರು. ಆದರೆ 1532ರಲ್ಲಿ ಸ್ಪೇನಿನವರು ಬಂದಾಗ ಇಂಕಾ ಸಾಮ್ರಾಜ್ಯಕ್ಕೆ ಸುಮಾರು ನೂರು ವರ್ಷ ವಯಸ್ಸು, ಅಷ್ಟೆ! ಅದಕ್ಕೂ ಸಾವಿರಾರು ವರ್ಷ ಮೊದಲೇ ಅಲ್ಲಿನ ಕರಾವಳಿಯಲ್ಲಿ ಪಿರಮಿಡ್ ಕಟ್ಟುವ ಜನರಿದ್ದರು. ರಾಜಧಾನಿ ಲಿಮಾದಿಂದ ಉತ್ತರಕ್ಕೆ ಸುಮಾರು 200 ಕಿ.ಮೀ. ದೂರದ ಕರಾಲ್ ಎಂಬ ಹಳೆಯ ನಗರ ಈಜಿಪ್ಟಿನ ಗೀಜಾ ಪಿರಮಿಡ್ಡುಗಳ ಓರಗೆಯದು. ಕರಾಲಿನ ಜನರಿಗೆ ಮಡಕೆ ಮಾಡುವುದು ಗೊತ್ತಿರಲಿಲ್ಲ. ಆದರೆ ಹಕ್ಕಿಯ ಮೂಳೆಯಿಂದ ಮಾಡಿದ 32 ಕೊಳಲುಗಳು ಅಲ್ಲಿ ಸಿಕ್ಕಿವೆ. ರೇಡಿಯೋದವಳಾದ ನನಗೆ ಈ ಸಂಗತಿ ಬಹಳ ಹಿಡಿಸಿತು.

ಇವತ್ತು ಹೆಚ್ಚು ಹೇಳಬೇಕಾದ್ದು ಮೋಚೆ ಜನರ ವಿಷಯ. ಕ್ರಿ.ಶ. 100ರಿಂದ 800ರವರೆಗೆ, ಈಗಿನ ತ್ರುಹಿಯೋ ನಗರದ ಆಸುಪಾಸಿನಲ್ಲಿ ಬಾಳಿದವರು. ಮಳೆಯೇ ಅಪರೂಪವಾದ ಮರಳುಗಾಡಿಗೆ ಬೆಟ್ಟದ ಹೊಳೆಗಳಿಂದ ಕಾಲುವೆ ತೆಗೆದು ಬೇಸಾಯ ಮಾಡಿದರು. ಅವರಿಗೆ ಬರವಣಿಗೆ ಇರಲಿಲ್ಲ. ಮೋಚೆ ಎಂಬುದು ಕೂಡ ಅಲ್ಲಿನ ಊರು, ಹೊಳೆಯ ಹೆಸರು ನೋಡಿ ನಾವು ಇಟ್ಟದ್ದು.

ಅಲ್ಲಿ ಎದುರುಬದುರಾಗಿ ಎರಡು ದೊಡ್ಡ ದಿಬ್ಬಗಳಿವೆ, ಸೂರ್ಯನದೊಂದು, ಚಂದ್ರನದೊಂದು. ಸೂರ್ಯನ ಪಿರಮಿಡ್ಡಿಗೆ 13 ಕೋಟಿಗೂ ಹೆಚ್ಚು ಹಸಿ ಇಟ್ಟಿಗೆ ಹಿಡಿಸಿರಬೇಕೆಂದು ಅಂದಾಜು. ಸುಡದೆ, ಬಿಸಿಲಲ್ಲಿ ಒಣಗಿಸಿದ ಇಟ್ಟಿಗೆ. ಅವುಗಳ ಮೇಲೆ ನೂರಕ್ಕೂ ಹೆಚ್ಚು ಬಗೆಯ ಗುರುತುಗಳಿವೆ: ಒಂದರ ಮೇಲೆ ಗೀಟು, ಇನ್ನೊಂದರ ಮೇಲೆ ಚುಕ್ಕಿ, ಮತ್ತೊಂದರ ಮೇಲೆ ಪಾದದ ಅಚ್ಚು. ಒಂದೊಂದು ಊರಿನವರು ತಮ್ಮ ಪಾಲಿನ ಇಟ್ಟಿಗೆಗೆ ಹಾಕಿದ ಲೆಕ್ಕದ ಗುರುತು ಇದಿರಬೇಕು ಎನ್ನುತ್ತಾರೆ ವಿದ್ವಾಂಸರು. ಅಕ್ಷರವಿಲ್ಲದ ಆ ಜನರ ರುಜು ಅಂತಲೇ ನಾನು ಅಂದುಕೊಂಡಿದ್ದೇನೆ.

ಆ ಪಿರಮಿಡ್ಡಿನಲ್ಲಿ ಈಗ ಉಳಿದಿರುವುದು ಮೂರನೆಯ ಒಂದು ಪಾಲು. ಚಿನ್ನದಾಸೆಗೆ ಸ್ಪೇನಿನವರು ಹೊಳೆಯನ್ನೇ ಅದರ ಬುಡಕ್ಕೆ ತಿರುಗಿಸಿಬಿಟ್ಟರು. ಮಣ್ಣು ತಾನೇ, ಕರಗಿ ಹೋಯಿತು.

ಚಂದ್ರನ ಪಿರಮಿಡ್ ಉಳಿದುಕೊಂಡಿತು. 1991ರಲ್ಲಿ ಅಲ್ಲಿ ವ್ಯವಸ್ಥಿತ ಉತ್ಖನನ ಶುರುವಾಯಿತು. ಅಗೆದಂತೆ ತಿಳಿದುಬಂದದ್ದು ಇದು: ಹಳೆಯ ಗುಡಿಯನ್ನು ಕೆಡವದೆ, ಇಟ್ಟಿಗೆಯಿಂದ ತುಂಬಿ ಮುಚ್ಚಿ, ಅದರ ಮೇಲೆಯೇ ಹೊಸದನ್ನು ಕಟ್ಟುತ್ತಿದ್ದರು. ಹಾಗೆ ಮುಚ್ಚಿದ್ದರಿಂದಲೇ ಒಳಗೋಡೆಯ ಕೆಂಪು, ಹಳದಿ, ಬಿಳಿ, ಕಪ್ಪು ಬಣ್ಣಗಳು ಇಂದಿಗೂ ಉಳಿದಿವೆ. ಕೋರೆಹಲ್ಲಿನ ಅವರ ದೇವರು ಗೋಡೆಯಿಂದ ದಿಟ್ಟಿಸುತ್ತಾನೆ. ಅದೇ ಅಂಗಳದಲ್ಲಿ ಬಲಿಯಾದ ಹತ್ತಾರು ಯುವಕರ ಎಲುಬುಗಳೂ ದೊರೆತವು. ಹೋದವರು ಬಣ್ಣವನ್ನಷ್ಟೇ ನೋಡಿಕೊಂಡು ಬರಬಾರದು, ಇದನ್ನೂ ಕೇಳಿ ತಿಳಿಯಬೇಕು.

ಇನ್ನಷ್ಟು ಉತ್ತರಕ್ಕೆ ಸಿಪಾನ್ ಇದೆ. 1987ರಲ್ಲಿ ಕಳ್ಳರು ಅಲ್ಲಿನ ಒಂದು ಗೋರಿಯನ್ನು ತೋಡಿ ದೋಚಿದ ಸುದ್ದಿ ತಿಳಿದು ಪುರಾತತ್ವಜ್ಞ ವಾಲ್ಟರ್ ಆಲ್ವಾ ಧಾವಿಸಿದರು. ಊರವರ ವಿರೋಧದ ನಡುವೆ, ಪೊಲೀಸ್ ಕಾವಲಿನಲ್ಲಿ ಅಗೆದರು. ಕಳ್ಳರ ಕೈಗೆ ಸಿಗದೆ ಉಳಿದಿದ್ದ ಒಬ್ಬ ಮೋಚೆ ದೊರೆಯ ಸಮಾಧಿ ಸಿಕ್ಕಿತು. ಅವನ ಕೊರಳ ಸರದಲ್ಲಿ ಒಂದು ಕಡೆ ಚಿನ್ನದ, ಇನ್ನೊಂದು ಕಡೆ ಬೆಳ್ಳಿಯ ಕಡಲೆಕಾಯಿಗಳು! ಕಡಲೆಕಾಯಿಯ ತವರು ದಕ್ಷಿಣ ಅಮೆರಿಕವೇ ಅಲ್ಲವೇ? ನಮ್ಮಲ್ಲಿಗೆ ಅದು ಬಂದದ್ದು ಆಮೇಲೆ. ಆ ಒಡವೆಗಳೆಲ್ಲ 2002ರಲ್ಲಿ ತೆರೆದ ಲಂಬಾಯೆಕೆ ವಸ್ತುಸಂಗ್ರಹಾಲಯದಲ್ಲಿವೆ.

ಇಷ್ಟು ದೂರ ಹೋಗಲು ಪುರುಸೊತ್ತಿಲ್ಲದವರು ಲಿಮಾ ನಗರದೊಳಗೇ ಇರುವ ಪುಕ್ಲಾನಾ ಪಿರಮಿಡ್ ನೋಡಬಹುದು. ಸುತ್ತಲೂ ಅಪಾರ್ಟ್‌ಮೆಂಟುಗಳು, ನಡುವೆ ಮಣ್ಣಿನ ಗುಡ್ಡ. ಇಪ್ಪತ್ತನೆಯ ಶತಮಾನದಲ್ಲಿ ಮನೆ, ರಸ್ತೆಗಳಿಗೆಂದು ಅದರ ಅಂಚುಗಳನ್ನು ಕಡಿದದ್ದೂ ಆಯಿತು. ಇಟ್ಟಿಗೆಗಳನ್ನು ಅಲ್ಲಿ ಮಲಗಿಸಿಲ್ಲ, ಕಪಾಟಿನ ಪುಸ್ತಕಗಳಂತೆ ಸಾಲಾಗಿ ನಿಲ್ಲಿಸಿದ್ದಾರೆ, ನಡುವೆ ಸಂದು ಬಿಟ್ಟು. ಭೂಮಿ ನಡುಗಿದಾಗ ಗೋಡೆ ಬಿರಿಯದೆ ತುಸು ಅಲುಗಾಡಲೆಂದು ಈ ಉಪಾಯ. ಗೈಡ್ ಜೊತೆಯಲ್ಲೇ ಒಳಗೆ ಬಿಡುತ್ತಾರೆ. ಸಂಜೆ ದೀಪದ ಬೆಳಕಿನಲ್ಲಿ ನೋಡುವ ಏರ್ಪಾಡೂ ಇದೆ.