ಆಕಾಶದಲ್ಲಿ ಸಿಕ್ಕಿದ ಕಲ್ಲು



"ಎಲ್ಲಾ ನಮ್ಮ ಗ್ರಹಚಾರರೀ" ಅಂತ ನಾವು ದಿನಾ ಅಂತೀವಿ. ಮಳೆ ಹೋದರೂ ಗ್ರಹಚಾರ. ಮೆಣಸಿನಕಾಯಿ ದರ ಬಿದ್ದರೂ ಗ್ರಹಚಾರ. ಮಗಳ ಮದುವೆ ತಡವಾದರೂ ಗ್ರಹಚಾರ. ಹಾಗಾದರೆ ಗ್ರಹ ಅಂದರೇನು? ಇವತ್ತು ಒಂದು ಸಣ್ಣ ಗ್ರಹದ ಕಥೆ ಹೇಳುತ್ತೇವೆ. ಕೇಳ್ರಿ.

ನಮ್ಮ ಭೂಮಿ ಒಂದು ಗ್ರಹ. ಅದು ಸೂರ್ಯನ ಸುತ್ತ ತಿರುಗುತ್ತದೆ. ಮಂಗಳ, ಗುರು ಕೂಡ ಹಾಗೇ ತಿರುಗುತ್ತವೆ. ಮಂಗಳ ಮತ್ತು ಗುರುವಿನ ನಡುವೆ ಬಹಳ ಜಾಗ ಐತಿ. ಅಲ್ಲಿ ಲಕ್ಷಗಟ್ಟಲೆ ಕಲ್ಲುಬಂಡೆಗಳು ಸೂರ್ಯನನ್ನು ಸುತ್ತುತ್ತಿವೆ. ಇವೇ ಕ್ಷುದ್ರಗ್ರಹಗಳು. ಕ್ಷುದ್ರ ಅಂದರೆ ಇಲ್ಲಿ ಸಣ್ಣದು ಅಂತ ಅಷ್ಟೇ. ಮಾಟ ಮಂತ್ರ ಅಲ್ಲ. ಇವಕ್ಕೆ ಸ್ವಂತ ಬೆಳಕಿಲ್ಲ. ಸೂರ್ಯನ ಬೆಳಕು ಬಿದ್ದು ಹೊಳೆಯುತ್ತವೆ. ಒಂದು ಸುತ್ತು ಮುಗಿಸಲು ಹೆಚ್ಚಿನವಕ್ಕೆ 3ರಿಂದ 6 ವರ್ಷ ಬೇಕು. ಎಲ್ಲವನ್ನೂ ಒಟ್ಟು ತೂಗಿದರೂ ಚಂದ್ರನಷ್ಟು ತೂಕ ಆಗೋದಿಲ್ಲ.

ಬೆಂಗಳೂರಿನಲ್ಲಿ ಭಾರತೀಯ ಖಭೌತ ಸಂಸ್ಥೆ ಇದೆ. ಅಲ್ಲಿಯವರು ಆಕಾಶವನ್ನು ಅಭ್ಯಾಸ ಮಾಡುತ್ತಾರೆ. ಅವರ ಕೆಲವು ದೂರದರ್ಶಕಗಳು ತಮಿಳುನಾಡಿನ ಕಾವಲೂರಿನ ಗುಡ್ಡದ ಮೇಲಿವೆ. ದೂರದರ್ಶಕ ಅಂದರೆ ದೂರದ್ದನ್ನು ತೋರಿಸುವ ಯಂತ್ರ. 1988ರ ಫೆಬ್ರವರಿ 17ರಂದು ಆರ್. ರಾಜಮೋಹನ್ ಎಂಬ ವಿಜ್ಞಾನಿ ಅಲ್ಲಿ ಒಂದು ಹೊಸ ಕ್ಷುದ್ರಗ್ರಹ ಕಂಡುಹಿಡಿದರು.

ಹೇಗೆ ಹುಡುಕುತ್ತಾರೆ? ಆಕಾಶದ ಒಂದೇ ಭಾಗದ ಫೋಟೋವನ್ನು ಬೇರೆ ಬೇರೆ ಹೊತ್ತಿನಲ್ಲಿ ತೆಗೆಯುತ್ತಾರೆ. ಎರಡನ್ನೂ ಹೋಲಿಸಿ ನೋಡುತ್ತಾರೆ. ನಕ್ಷತ್ರಗಳು ಇದ್ದಲ್ಲೇ ಇರುತ್ತವೆ. ಒಂದು ಚುಕ್ಕಿ ಮಾತ್ರ ಸರಿದಿರುತ್ತದೆ. ಅದೇ ಕ್ಷುದ್ರಗ್ರಹ! ನೀವು ಮೊರದಲ್ಲಿ ಅಕ್ಕಿ ಹರಡಿ ಹರಳು ಆರಿಸುತ್ತೀರಲ್ಲ, ಅಷ್ಟೇ ತಾಳ್ಮೆಯ ಕೆಲಸ ಇದು.

ಆ ಕಲ್ಲಿನ ಸಂಖ್ಯೆ 4130. ಹೆಸರು ರಾಮಾನುಜನ್. ಇದು ಗಣಿತದ ಶ್ರೀನಿವಾಸ ರಾಮಾನುಜನ್ ಅವರ ಹೆಸರು. ಅವರ ತಂದೆ ಬಟ್ಟೆ ಅಂಗಡಿಯಲ್ಲಿ ಲೆಕ್ಕ ಬರೆಯುತ್ತಿದ್ದರು. ಮಗ ಲೋಕವೇ ಬೆರಗಾಗುವಂಥ ಲೆಕ್ಕ ಮಾಡಿದರು.

ಈಗ ಹೇಳ್ರಿ. ಇಂಥ ಕಲ್ಲುಗಳು ಹತ್ತು ಲಕ್ಷಕ್ಕೂ ಹೆಚ್ಚು ಸಿಕ್ಕಿವೆ. ಇವು ಯಾರ ಜಾತಕದಲ್ಲಿದ್ದವು? ಕುಜದೋಷ ಅಂತ ಎಷ್ಟೋ ಹೆಣ್ಣುಮಕ್ಕಳ ಮದುವೆ ಮುರಿಯುತ್ತಾರೆ. ಕುಜ ಅಂದರೆ ಮಂಗಳ. ಅದೂ ಕಲ್ಲು ಮಣ್ಣಿನ ಗೋಳವೇ. 2014ರಲ್ಲಿ ನಮ್ಮ ದೇಶದ ನೌಕೆಯೇ ಮಂಗಳನ ಹತ್ತಿರ ಹೋಗಿ ಫೋಟೋ ಕಳಿಸಿತು. ಅಷ್ಟು ದೂರದ ಕಲ್ಲು ನಮ್ಮ ಮಗಳ ಮೇಲೆ ಯಾಕೆ ಸಿಟ್ಟಾಗುತ್ತದೆ?

ದರ ಬಿದ್ದರೆ ಯಾಕೆ ಬಿತ್ತು ಅಂತ ಕೇಳೋಣ. ಮಗಳಿಗೆ ದೋಷ ಅಂದರೆ ಯಾವ ದೋಷ, ತೋರಿಸ್ರಿ ಅನ್ನೋಣ. ಅಕ್ಷರ ಕಲಿತದ್ದು ಅದಕ್ಕೇ ಅಲ್ಲವೇ?