ಪರಮಾಣು, ಅಣು ಮತ್ತು ನಮ್ಮ ಗೇರುಗುಡ್ಡೆ



ಮೂಲವಸ್ತುವಿನ ಅತಿ ಸಣ್ಣ ಕಣವು ಪರಮಾಣು. ಪರಮಾಣುಗಳು ಕೂಡಿ ಆದುದು ಅಣು. ಕೂಡುವವು ಒಂದೇ ಜಾತಿಯವಾಗಿರಬಹುದು, ಬೇರೆ ಬೇರೆಯವೂ ಆಗಿರಬಹುದು. ಆಮ್ಲಜನಕದ ಎರಡು ಪರಮಾಣುಗಳು ಕೂಡಿದರೆ ನಮ್ಮನ್ನು ಬದುಕಿಸುವ ವಾಯು; ಮೂರು ಕೂಡಿದರೆ ಶ್ವಾಸಕೋಶವನ್ನು ಕೆಡಿಸುವ ಓಜೋನ್. ಜಲಜನಕದ ಎರಡಕ್ಕೆ ಆಮ್ಲಜನಕದ ಒಂದು ಸೇರಿದರೆ ನೀರು. ಇಷ್ಟು ಪಾಠಪುಸ್ತಕದಲ್ಲಿಯೇ ಇದೆ.

ನಾವು ಈ ದಿನ ಕ್ಲೋರಿನ್ ಎಂಬ ಒಂದೇ ಮೂಲವಸ್ತುವಿನ ಜಾಡನ್ನು ಹಿಡಿದು ಹೋಗೋಣ. ಅದರ ಪರಮಾಣುವಿನ ಹೊರ ಆವರಣದಲ್ಲಿ ಏಳು ಎಲೆಕ್ಟ್ರಾನುಗಳಿವೆ. ಎಂಟಾದರೆ ಅದಕ್ಕೆ ನೆಮ್ಮದಿ. ಆ ಒಂದರ ಕೊರತೆಯೇ ಅದನ್ನು ಇತರರೊಡನೆ ಕೂಡಿಸುತ್ತದೆ. ತನ್ನಂಥದೇ ಇನ್ನೊಂದರೊಡನೆ ಎಲೆಕ್ಟ್ರಾನನ್ನು ಹಂಚಿಕೊಂಡರೆ ಅದು ಹಸುರು ಹಳದಿ ಬಣ್ಣದ ವಿಷವಾಯು. 1915ರ ಏಪ್ರಿಲ್ 22ರಂದು ಬೆಲ್ಜಿಯಂ ದೇಶದ ಈಪ್ರ್ ಪಟ್ಟಣದ ಬಳಿ ಸೈನಿಕರನ್ನು ಕೊಂದುದು ಅದೇ. ಸೋಡಿಯಂ ತನ್ನದೊಂದು ಎಲೆಕ್ಟ್ರಾನನ್ನು ಅದಕ್ಕೆ ಬಿಟ್ಟುಕೊಟ್ಟರೆ ಗಂಜಿಗೆ ಬೆರೆಸುವ ಉಪ್ಪು. (ಉಪ್ಪಿನಲ್ಲಿ ಬಿಡಿ ಅಣುಗಳಿಲ್ಲ, ಸಾಲುಗಟ್ಟಿದ ಹರಳು ಮಾತ್ರ ಎಂದು ಮೇಲಿನ ತರಗತಿಯವರು ಆಕ್ಷೇಪಿಸಿದರೆ ಅದು ಒಪ್ಪತಕ್ಕದ್ದೇ.)

ಅದೇ ಕ್ಲೋರಿನ್ ನಮ್ಮ ಕಾಸರಗೋಡಿಗೆ ಮತ್ತೊಂದು ಕೂಟದಲ್ಲಿ ಬಂದಿತು. ಇಂಗಾಲದ 9, ಜಲಜನಕದ 6, ಕ್ಲೋರಿನ್ನಿನ 6, ಆಮ್ಲಜನಕದ 3, ಗಂಧಕದ 1, ಅಂತು 25 ಪರಮಾಣುಗಳ ಈ ಅಣುವಿನ ಹೆಸರು ಎಂಡೋಸಲ್ಫಾನ್. ಇವುಗಳಲ್ಲಿ ನಮ್ಮ ಶರೀರದಲ್ಲಿಲ್ಲದ ಮೂಲವಸ್ತು ಒಂದೂ ಇಲ್ಲ. ಕೂಡಿದ ಬಗೆಯಿಂದಲೇ ಅದು ನರಮಂಡಲಕ್ಕೆ ವಿಷವಾಯಿತು. ಗೇರಿನ ಚಿಗುರನ್ನು ಹೀರುವ ಕೀಟವನ್ನು ಕೊಲ್ಲಲೆಂದು 1970ರ ದಶಕದಿಂದ 2000ದವರೆಗೆ ಸರಕಾರಿ ಗೇರುತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಇದನ್ನು ಸುರಿದರು. ನಾವು ಅದನ್ನು 'ಮದ್ದು' ಎಂದೇ ಕರೆದೆವು! ಎಣ್ಮಕಜೆಯಂಥ ಕಡೆಗಳಲ್ಲಿ ತೋಟಗಳು ಗುಡ್ಡದ ಮೇಲಿವೆ. ಮನೆ, ಸುರಂಗ, ತೋಡುಗಳು ಕೆಳಗಿವೆ.

ಈ ಅಣು ನೀರಿನಲ್ಲಿ ಕರಗುವುದು ಬಹಳ ಕಡಿಮೆ, ಕೊಬ್ಬಿನಲ್ಲಿ ಹೆಚ್ಚು. ಆದುದರಿಂದ ಅದು ಮಣ್ಣಿಗೆ ಅಂಟುತ್ತದೆ, ಶರೀರದ ಕೊಬ್ಬನ್ನು ಸೇರುತ್ತದೆ. ಅದಕ್ಕೆ ಆಮ್ಲಜನಕದ ಇನ್ನೊಂದು ಪರಮಾಣು ಸೇರಿದರೆ ಎಂಡೋಸಲ್ಫಾನ್ ಸಲ್ಫೇಟ್ ಆಗುವುದು. ಆಗಲೂ ವಿಷ ಇಳಿಯುವುದಿಲ್ಲ, ಬಾಳಿಕೆ ಮಾತ್ರ ಹೆಚ್ಚುತ್ತದೆ. ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯವರು 2001ರಲ್ಲಿ ಪಡ್ರೆಯ ಶಾಲಾಮಕ್ಕಳನ್ನು ಪರೀಕ್ಷಿಸಿದರು. ಸಿಂಪಡಣೆ ನಿಂತು ತಿಂಗಳುಗಳೇ ಕಳೆದಿದ್ದರೂ ಮಕ್ಕಳ ರಕ್ತದಲ್ಲಿ ಅದು ಉಳಿದಿತ್ತು. ಆ ಮಕ್ಕಳು ನಿಮ್ಮ ವಯಸ್ಸಿನವರೇ. 2011ರ ಮೇ 13ರಂದು ಸುಪ್ರೀಂ ಕೋರ್ಟು ಇದರ ತಯಾರಿಕೆ, ಮಾರಾಟಗಳನ್ನು ದೇಶದಾದ್ಯಂತ ತಡೆಯಿತು. 2017ರ ಜನವರಿಯಲ್ಲಿ ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಪರಿಹಾರ ಕೊಡಬೇಕೆಂದು ಆಜ್ಞಾಪಿಸಿತು. ಹಾಸಿಗೆ ಹಿಡಿದ ಮಗುವಿನ ತಾಯಿಗೆ ಆ ಹಣ ಎಷ್ಟು ದಿನದ ಆಸರೆ?

ಮಕ್ಕಳೇ, ಕೀಟನಾಶಕದ ಡಬ್ಬಿ ಮನೆಗೆ ಬಂದರೆ ಮುಟ್ಟಬೇಡಿರಿ. ಆದರೆ ಅದರ ಮೇಲಿನ ಚೀಟಿಯನ್ನು ಓದಿ ಹಿರಿಯರಿಗೆ ಹೇಳಿರಿ. ಮೂಲೆಯ ಮೇಲೆ ನಿಂತ ಚೌಕವೊಂದು ಅದರಲ್ಲಿರುತ್ತದೆ. ಅದರ ಕೆಳಗಿನ ಅರ್ಧ ಕೆಂಪಾಗಿದ್ದರೆ ಅತ್ಯುಗ್ರ ವಿಷ, ಹಳದಿಯಾದರೆ ಉಗ್ರ, ನೀಲಿಯಾದರೆ ಮಧ್ಯಮ, ಹಸುರಾದರೆ ಅಲ್ಪ. ಹಸುರೂ ವಿಷವೇ.