ವೈದ್ಯವಿದ್ಯಾರ್ಥಿಗಳ ವ್ಯಾಸಂಗಭಾರವೂ ಮನಸ್ಸಮಾಧಾನವೂ

 

ಭಕ್ತರ ಮನೆಗಳಿಂದ ಅನೇಕ ತರುಣ ತರುಣಿಯರು ವೈದ್ಯಶಾಸ್ತ್ರದ ವ್ಯಾಸಂಗಕ್ಕೆ ತೆರಳುತ್ತಿರುವದು ಸಂತೋಷದ ಸಂಗತಿಯಾಗಿದೆ. ಮಗನಾಗಲಿ ಮಗಳಾಗಲಿ ಕಾಲೇಜನ್ನು ಸೇರಿದ ದಿನ ಊರೆಲ್ಲ ಪೇಢೆ ಹಂಚುವದುಂಟು. ಆದರೆ ಆರು ತಿಂಗಳ ತರುವಾಯ ಆ ಮಗುವಿಗೆ ನಿದ್ರೆ ಬರುವದೋ, ಊಟ ಸೇರುವದೋ ಎಂದು ಕೇಳುವವರು ವಿರಳ. ಇಂದಿನ ವಿಚಾರ ಅದನ್ನೇ ಕುರಿತದ್ದು.

ಮೊದಲು ಭಾರದ ಸ್ವರೂಪವನ್ನು ನೋಡತಕ್ಕದ್ದು. ಎಂ.ಬಿ.ಬಿ.ಎಸ್. ವ್ಯಾಸಂಗವು 54 ತಿಂಗಳಿನದು. ಅದರ ಮೇಲೆ ಆಸ್ಪತ್ರೆಯಲ್ಲಿ ಒಂದು ವರುಷದ ಸೇವಾಶಿಕ್ಷಣ. ಮೊದಲನೆಯ ಘಟ್ಟದಲ್ಲಿಯೇ ಅಂಗರಚನಾಶಾಸ್ತ್ರ, ಶರೀರಕ್ರಿಯಾಶಾಸ್ತ್ರ, ಜೀವರಸಾಯನಶಾಸ್ತ್ರಗಳೆಂಬ ಮೂರು ಮಹಾಶಾಸ್ತ್ರಗಳು ಒಮ್ಮೆಲೇ ಎದುರಾಗುವವು. ಮನುಷ್ಯಶರೀರದಲ್ಲಿ 206 ಎಲುಬುಗಳು. ಅವುಗಳಿಗಂಟಿದ ಸ್ನಾಯುಗಳೆಷ್ಟೋ, ನರಗಳೆಷ್ಟೋ, ರಕ್ತನಾಳಗಳೆಷ್ಟೋ! ಹಳ್ಳಿಯ ಶಾಲೆಯಲ್ಲಿ ಕನ್ನಡದಲ್ಲಿ ಓದಿ ಬಂದ ಮಗುವು ಇದೆಲ್ಲವನ್ನೂ ಇಂಗ್ಲಿಷಿನಲ್ಲಿ ಕಲಿಯಬೇಕು.

ಇದಕ್ಕಿಂತಲೂ ಸೂಕ್ಷ್ಮವಾದ ಇನ್ನೊಂದು ನೋವುಂಟು. 2024ರ ನೀಟ್ ಪ್ರವೇಶ ಪರೀಕ್ಷೆಗೆ ಕುಳಿತವರು 20 ಲಕ್ಷಕ್ಕೂ ಮಿಕ್ಕಿದವರು. ಅವರೊಳಗಿಂದ ಆಯ್ದು ಬಂದವರೆಲ್ಲ ತಂತಮ್ಮ ಶಾಲೆಗಳಲ್ಲಿ ಮೊದಲಿಗರಾಗಿದ್ದವರೇ. ಮೊದಲಿಗರೇ ತುಂಬಿದ ತರಗತಿಯಲ್ಲಿಯೂ ಒಬ್ಬನು ಕಡೆಯವನಾಗಲೇಬೇಕಷ್ಟೆ. ಎಂದೂ ಸೋಲನ್ನರಿಯದವನು ಅಂದು ತನ್ನನ್ನು ಅಯೋಗ್ಯನೆಂದು ತಿಳಿಯುವನು. ತಿಳಿದುದನ್ನು ಯಾರಿಗೂ ಹೇಳದೆ ಬಚ್ಚಿಡುವನು. ಭಾರಕ್ಕಿಂತ ಈ ಬಚ್ಚಿಡುವಿಕೆಯೇ ಹೆಚ್ಚು ಅಪಾಯಕರವಾದದ್ದು.

ಇದು ಕೆಲವರ ಮನೋದೌರ್ಬಲ್ಯವೆಂದು ಭಾವಿಸಲಾಗದು. ರಾಷ್ಟ್ರೀಯ ವೈದ್ಯಕೀಯ ಆಯೋಗದ ಕಾರ್ಯಪಡೆಯು 2024ರಲ್ಲಿ ಒಪ್ಪಿಸಿದ ವರದಿಯ ಮೇರೆಗೆ, ಉತ್ತರವಿತ್ತ ಎಂ.ಬಿ.ಬಿ.ಎಸ್. ವಿದ್ಯಾರ್ಥಿಗಳಲ್ಲಿ ನಾಲ್ವರಿಗೊಬ್ಬರಿಗಿಂತ ಹೆಚ್ಚು ಮಂದಿ ತಮಗೆ ಮಾನಸಿಕ ತೊಂದರೆಯಿರುವದಾಗಿ ತಿಳಿಸಿದ್ದಾರೆ.

ಹಾಗಾದರೆ ಉಪಾಯವೇನು? ವ್ಯಾಸಂಗದ ಕ್ರಮವೊಂದು ಮೊದಲನೆಯದು. ಅನೇಕರು ಒಂದೇ ಪುಟವನ್ನು ಹತ್ತು ಸಲ ಓದಿ, ಪರೀಕ್ಷೆಯಲ್ಲಿ ಮರೆತು, ತಮ್ಮ ಬುದ್ಧಿಯನ್ನೇ ಹಳಿದುಕೊಳ್ಳುವರು. ಕಲಿತದ್ದು ಎಷ್ಟು ಬೇಗ ಮರೆಯುವದೆಂಬದನ್ನು ಜರ್ಮನ್ ಪಂಡಿತ ಎಬ್ಬಿಂಗ್‌ಹೌಸನು 1885ರಲ್ಲಿಯೇ ಅಳೆದು ತೋರಿಸಿದನು. ರೋಡಿಗರ್, ಕಾರ್ಪಿಕೆ ಎಂಬ ಅಮೇರಿಕದ ವಿದ್ವಾಂಸರು 2006ರಲ್ಲಿ ಪ್ರಯೋಗ ಮಾಡಿದಾಗ, ಪಾಠವನ್ನು ಮರಳಿ ಮರಳಿ ಓದಿದವರಿಗಿಂತ, ಓದಿ ಪುಸ್ತಕ ಮುಚ್ಚಿ ನೆನೆದವರಲ್ಲಿಯೇ ಅದು ಒಂದು ವಾರದ ಮೇಲೆ ಹೆಚ್ಚಾಗಿ ಉಳಿದಿತ್ತು. ಪಾಠಶಾಲೆಗಳಲ್ಲಿ ಗ್ರಂಥವನ್ನು ಬದಿಗಿಟ್ಟು ಪಾಠ ಒಪ್ಪಿಸುವ ಪದ್ಧತಿಯ ಮರ್ಮವೂ ಇದೇ. ಆದುದರಿಂದ ಕಲಿತದ್ದನ್ನು ಮರುದಿನ, ಮರುವಾರ, ಮರುತಿಂಗಳು ನೆನೆಯುವದೂ, ಸಹಪಾಠಿಗೆ ವಿವರಿಸಿ ಹೇಳುವದೂ ಹಿತಕರವು.

ಎರಡನೆಯದು ನಿದ್ರೆ. ಹಗಲು ಕಲಿತದ್ದು ನಿದ್ರೆಯಲ್ಲಿಯೇ ಸ್ಥಿರಗೊಳ್ಳುವದೆಂದು ಇಂದಿನ ವಿಜ್ಞಾನವು ಹೇಳುತ್ತದೆ. ಆ ವರದಿಯೂ ದಿನಕ್ಕೆ 7-8 ತಾಸಿನ ನಿದ್ರೆಯನ್ನು ವಿಧಿಸಿದೆ. ರಾತ್ರಿಯೆಲ್ಲ ಚಹ ಕುಡಿದು ಎಚ್ಚರಿರುವದು ತಪಸ್ಸಲ್ಲ, ಗಳಿಸಿದ್ದನ್ನು ಚೆಲ್ಲಿದಂತೆ.

ಮೂರನೆಯದೂ ಮುಖ್ಯವಾದದ್ದೂ ಬಾಯಿಬಿಟ್ಟು ಹೇಳಿಕೊಳ್ಳುವದು. ಒಬ್ಬ ಗೆಳೆಯನಿಗಾದರೂ, ಹಿರಿಯ ವಿದ್ಯಾರ್ಥಿಗಾದರೂ, ಅಧ್ಯಾಪಕರಿಗಾದರೂ ತನ್ನ ಕಷ್ಟವನ್ನು ಅರುಹಬೇಕು. ನಿದ್ರೆ ಕೆಟ್ಟು, ಊಟ ಬಿಟ್ಟು, ಬದುಕೇ ಬೇಡವೆಂಬ ಮಾತು ಬಾಯಿಗೆ ಬಂದರೆ ತಡಮಾಡದೆ ಮನೋವೈದ್ಯರನ್ನು ಕಾಣಿಸತಕ್ಕದ್ದು. 2022ರ ಅಕ್ಟೋಬರ 10ರಂದು ಆರಂಭವಾದ ಸರಕಾರದ ಟೆಲಿ-ಮಾನಸ್ ಸೇವೆಯು 14416ನೆಯ ದೂರವಾಣಿಯಲ್ಲಿ ಹಗಲಿರುಳೂ, ಉಚಿತವಾಗಿ, ಕನ್ನಡದಲ್ಲಿಯೂ ದೊರೆಯುತ್ತದೆ. ಪರರ ಜ್ವರಕ್ಕೆ ಔಷಧ ಕೊಡಲು ಕಲಿಯುವವನು ತನ್ನ ಮನಸ್ಸಿನ ಜ್ವರಕ್ಕೆ ಔಷಧ ಕೇಳುವದರಲ್ಲಿ ನಾಚಿಕೆಯೇನು?

ತಂದೆತಾಯಿಗಳಿಗೂ ಒಂದು ವಿಜ್ಞಾಪನೆ. ಮಗುವು ರಜೆಗೆ ಊರಿಗೆ ಬಂದಾಗ ಅಂಕವೆಷ್ಟು ಬಂತೆಂಬದು ಮೊದಲನೆಯ ಪ್ರಶ್ನೆಯಾಗಬಾರದು. ಹೊಲ ಒತ್ತೆಯಿಟ್ಟು ಓದಿಸಿದವರ ಆತುರವು ಸಹಜವೇ; ಆದರೆ ಆ ಸಾಲದ ಲೆಕ್ಕವನ್ನು ಊಟದ ಹೊತ್ತಿನಲ್ಲಿ ಎತ್ತಿದರೆ ತುತ್ತು ಗಂಟಲಿನಲ್ಲಿ ಇಳಿಯುವದಿಲ್ಲ. ಒಂದು ಪರೀಕ್ಷೆ ತಪ್ಪಿದರೆ ಪೂರಕ ಪರೀಕ್ಷೆಯುಂಟು. ಜೀವ ಹೋದರೆ ಅದಕ್ಕೆ ಪೂರಕವಿಲ್ಲ. ತಪ್ಪಿದರೂ ಮನೆಯ ಬಾಗಿಲು ತೆರೆದೇ ಇರುವದೆಂಬ ಮಾತನ್ನು ಪರೀಕ್ಷೆಗೆ ಮೊದಲೇ ಆಡಿಡಬೇಕು.

ನಾಳೆ ರೋಗಿಯು ತನ್ನ ವೈದ್ಯನನ್ನು ಎಷ್ಟನೆಯ ಸ್ಥಾನದಲ್ಲಿ ಉತ್ತೀರ್ಣನಾದೆಯೆಂದು ಕೇಳನು. ಕರುಣೆಯಿಂದ ನಾಡಿ ಹಿಡಿದನೇ ಎಂದು ನೋಡುವನು. ತನ್ನ ನೋವನ್ನು ಅರಿತು ಸಂತೈಸಿಕೊಂಡವನಿಗೆ ಪರರ ನೋವು ಬೇಗ ತಿಳಿಯುವದು. ಅಂಥ ವೈದ್ಯರು ನಾಡಿಗೆ ದೊರೆಯಲಿ. ಅವರನ್ನು ಹೆತ್ತವರ ಮನೆಗಳು ನೆಮ್ಮದಿಯಿಂದಿರಲಿ.